ಐದಾಗಿ ಒಡೆದ ಬೆಳಕು

ಹತ್ತೊಂಬತ್ತು ವರ್ಷ ಲೇಸರಿನ ಕನ್ನಡಿಗಳನ್ನೇ ಒರೆಸಿದವಳನ್ನು ಪ್ರಯೋಗಾಲಯದವರೆಲ್ಲ ಕನ್ನಡಿ ಅಕ್ಕ ಎನ್ನುತ್ತಿದ್ದರು. ಈಗ ಗೂಬೆ ಕೂತದ್ದು ಅವಳ ಕನ್ನಡಿಯ ಮೇಲೆಯೇ. ಗ್ಯಾಸು ತುಂಬಿದ ಉಕ್ಕಿನ ಪೀಪಾಯಿಯನ್ನು ಹಾಯ್ದ ಬೆಳಕು ಆಚೆ ತುದಿಯ ಕಾಗದದ ಮೇಲೆ ದುಂಡಗೆ ಒಂದೇ ಗುರುತು ಸುಡಬೇಕು. ವಾರದಿಂದ ಐದು ಚುಕ್ಕೆ ಸುಡುತ್ತಿತ್ತು.

“ಕನ್ನಡಿಲಿ ಕಲೆ ಇದೆ. ಸೋಮವಾರದಿಂದ ನೀವು ಸ್ಟೋರ್ ನೋಡ್ಕೊಳ್ಳಿ, ಅಕ್ಕ,” ಎಂದರು ಮೇಡಂ. ಅವರು ಆ ಲೇಸರಿನ ವಿಜ್ಞಾನಿ. ವಯಸ್ಸಿನಲ್ಲಿ ಅಕ್ಕನ ಮಗಳಷ್ಟು.

ಸ್ಟೋರೆಂದರೆ ರಟ್ಟಿನ ಡಬ್ಬಗಳ ನಡುವೆ ನೊಣ ಹೊಡೆಯುವ ಕೆಲಸ. ಅಕ್ಕ ವಾರದ ಕಾಗದಗಳನ್ನೆಲ್ಲ ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದಳು. ಪ್ರತಿ ಕಾಗದದಲ್ಲೂ ಚುಕ್ಕೆಗಳ ಜಾಗ ಬೇರೆ ಬೇರೆ.

“ಕಲೆಗೇನು ಕಾಲಿದ್ಯಾ ಮೇಡಂ, ದಿನಾ ಜಾಗ ಬದಲಾಯಿಸೋಕೆ?”

“ದಿನಾ ಒರೆಸ್ತೀರಲ್ಲ, ದಿನಾ ಹೊಸ ಗೆರೆ ಬೀಳುತ್ತೆ.”

“ಒರೆಸಿದ್ರೂ ತಪ್ಪು, ಬಿಟ್ರೂ ತಪ್ಪು. ಅತ್ತೆ ಮನೆ ಆಯ್ತಲ್ಲ ಇದು. ಒಂದ್ಸಲ ಗ್ಯಾಸೆಲ್ಲ ತೆಗೆದು, ಖಾಲಿ ಪೀಪಾಯಿಗೆ ಇಷ್ಟೇ ಜೋರಲ್ಲಿ ಬಿಡಿ. ಕನ್ನಡಿ ಇದೇ ಇರ್ಲಿ. ಆಗ್ಲೂ ಐದು ಬಿದ್ರೆ ಸ್ಟೋರಿನ ಕೀಲಿ ನಾನೇ ಕೇಳಿ ಇಸ್ಕೊಳ್ತೀನಿ.”

ಹಾಗೆ ಯಾರೂ ಮಾಡಿರಲಿಲ್ಲ. ಒಂದು ಹೊಡೆತ ಬಿಟ್ಟರೆ ಲೇಸರ್ ತಣ್ಣಗಾಗಲು ಗಂಟೆ ಬೇಕು. ಖಾಲಿ ಪೀಪಾಯಿಗೆ ಹೊಡೆದು ದಂಡ ಮಾಡುವುದೆಂದರೆ ಅಲ್ಲಿ ಮಹಾಪಾಪ. ಮೇಡಂ ಗಡಿಯಾರ ನೋಡಿದರು, ತುಟಿ ಕಚ್ಚಿದರು, ಕೊನೆಗೆ ಪಂಪು ಹಾಕಿದರು.

ಕಾಗದ ಹೊರಬಂತು. ಬಟ್ಟಲಿಟ್ಟು ಗೆರೆ ಎಳೆದಂತೆ ದುಂಡಗಿನ ಒಂದೇ ಗುರುತು.

ಮೇಡಂ ಸ್ಟೂಲು ಎಳೆದುಕೊಂಡು ಕೂತರು. “ಹಾಗಾದ್ರೆ ಇದು ಪ್ಲಾಸ್ಮಾದ ಕೆಲಸ. ಬೆಳಕಿನ ಹೊಡೆತಕ್ಕೆ ಗ್ಯಾಸು ಒಡೆದು ವಿದ್ಯುತ್ ಕಣಗಳ ಪ್ಲಾಸ್ಮಾ ಆಗುತ್ತೆ. ಎಲ್ಲೋ ಒಂದ್ಕಡೆ ಬೆಳಕು ಎಳ್ಳಷ್ಟು ಹೆಚ್ಚಿದ್ರೆ, ಅಲ್ಲಿನ ಪ್ಲಾಸ್ಮಾನ ಆಚೀಚೆ ತಳ್ಳುತ್ತೆ. ತೆರವಾದ ಜಾಗಕ್ಕೆ ಅಕ್ಕಪಕ್ಕದ ಬೆಳಕೂ ಬಾಗುತ್ತೆ. ಹೆಚ್ಚಾದಷ್ಟೂ ತಳ್ಳುತ್ತೆ, ತಳ್ಳಿದಷ್ಟೂ ಹೆಚ್ಚಾಗುತ್ತೆ. ಹೀಗೆ ಐದು ಕಡೆ ಗುಂಪಾದ್ರೆ ಐದು ಚುಕ್ಕೆ.”

“ಉಳ್ಳವರ ಮನೆಗೇ ಉಡುಗೊರೆ ಹೋದ ಹಾಗೆ.” ಅಕ್ಕ ಕಾಗದವನ್ನು ತಿರುಗಿಸಿ ನೋಡುತ್ತ ಕೇಳಿದಳು, “ಆದ್ರೆ ಹೋದ ತಿಂಗಳು ಗ್ಯಾಸಿದ್ದಾಗ್ಲೂ ಒಂದೇ ಬೀಳ್ತಿತ್ತಲ್ಲ?”

ಮೇಡಂ ದಾಖಲೆ ಪುಸ್ತಕದಲ್ಲಿ ಹೋದ ವಾರದ ಪುಟ ತೆರೆದರು. “ಹೋದ ವಾರ ಬೆಳಕಿನ ಜೋರು ಏರಿಸಿದ್ದು ನಾನೇ.”

ಚುಚ್ಚಲು ಒಳ್ಳೆಯ ಸಮಯ. ಆದರೆ ಅಕ್ಕನ ತಲೆ ಆಗಲೇ ಬೇರೆ ಕಡೆ ಓಡಿತ್ತು. “ಅಂದ್ರೆ ಎಷ್ಟಕ್ಕೆ ಏರಿಸಿದಾಗ ಒಡೆಯುತ್ತೆ?”

“ಗೊತ್ತಿಲ್ಲ, ಅಕ್ಕ. ಹುಡುಕಬೇಕು. ಸ್ಟೋರಿಗೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ. ನೀವು ಇಲ್ಲೇ ಇರಿ.” ಮೇಡಂ ಗ್ಯಾಸಿನ ಕವಾಟದ ಮೇಲೆ ಕೈಯಿಟ್ಟರು. “ಜೋರು ಎಷ್ಟಕ್ಕಿಡೋಣ?”

“ಅರ್ಧಕ್ಕಿಡಿ,” ಎಂದಳು ಅಕ್ಕ. “ಅಲ್ಲಿಂದ ಮೆಲ್ಲಗೆ ಏರಿಸ್ಕೊಂಡು ಹೋಗೋಣ.”