ಓರೆಯಾಗಿಟ್ಟ ಕುರ್ಚಿ

ಕೊಟ್ಟೂರಿನ ಆ ಸಣ್ಣ ಪತ್ತಿನ ಸಂಘದಲ್ಲಿ ಕುತ್ತಿಗೆ ನೆಟ್ಟಗಿದ್ದವರು ಯಾರೂ ಇರಲಿಲ್ಲ. ಕಾರ್ಯದರ್ಶಿ ಪಂಚಾಕ್ಷರಪ್ಪನವರು ಕೊರಳಿಗೆ ಪಟ್ಟಿ ಹಾಕಿಕೊಂಡೇ ಸಹಿ ಮಾಡುತ್ತಿದ್ದರು. ಕ್ಯಾಷಿಯರ್ ಮಾರೇಶ, ಯಾರಾದರೂ ಕರೆದರೆ ತಲೆ ಬಿಟ್ಟು ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಕಂಪ್ಯೂಟರ್ ಕೆಲಸವೆಂದರೆ ಹೀಗೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಕೌಂಟರಿನ ಸುಮಲತಾಳಿಗೆ ಮಾತ್ರ ಒಪ್ಪಿಕೊಂಡು ಕೂರುವ ಹಾಗಿರಲಿಲ್ಲ. ನೋವು ಕುತ್ತಿಗೆಯಿಂದ ಬಲ ಹೆಗಲಿಗಿಳಿದು, ರೊಟ್ಟಿ ಬಡಿಯಲು ಕೈಯೆತ್ತಿದರೆ "ಅಯ್ಯವ್ವಾ" ಅನ್ನಿಸುತ್ತಿತ್ತು. ಅತ್ತೆ ಕಲ್ಯಾಣಮ್ಮ ಔಡಲೆಣ್ಣೆ ಬೆಚ್ಚಗೆ ಮಾಡಿ ತಿಕ್ಕುತ್ತಾ ಖಡಾಖಂಡಿತವಾಗಿ ಹೇಳಿದ್ದಳು.

"ಈ ತಿಂಗಳು ಮುಗಿಯೂತನಕ ನೋಡ್ತೀನಿ. ಕಡಿಮಿ ಆಗಲಿಲ್ಲಂದ್ರ ನಾನ ಪಂಚಾಕ್ಷರಪ್ಪಗ ಹೇಳಿಬರ್ತೀನಿ, ನಮ್ಮ ಸೊಸಿ ಇನ್ನ ಕೆಲಸಕ್ಕ ಬರಂಗಿಲ್ಲ ಅಂತ."

"ಅತ್ತಿ, ಹಂಗನಬ್ಯಾಡ್ರಿ."

"ಏನನಬ್ಯಾಡ? ಕೈ ಬಿದ್ದ ಮ್ಯಾಲೆ ಕೆಲಸ ತಗೊಂಡು ಏನ್ ಮಾಡ್ತೀ?"

ಗಂಡ ಹಂಪೇಶನ ಕಡೆ ನೋಡಿದರೆ ಅವನು ಫೋನಿನಲ್ಲಿ ಮುಖ ಹುದುಗಿಸಿದ. ಅವ್ವ ಮಾತಾಡುವಾಗ ಅವನಿಗೆ ಯಾವಾಗಲೂ ಫೋನ್ ಬರುತ್ತದೆ.

ಸುಮಲತಾಳಿಗೆ ಆ ಕೆಲಸವೆಂದರೆ ಪ್ರಾಣ. ಉಜ್ಜಿನಿ ಕಡೆಯವರು, ತಂಬ್ರಹಳ್ಳಿ ಕಡೆಯವರು ಗಾಜಿಗೆ ಹಣೆ ಹಚ್ಚಿ "ಯಕ್ಕಾ, ನಮ್ದೇನಾತು?" ಎಂದು ಕೇಳುವುದು, ಕೆಲಸ ಮುಗಿದ ಮೇಲೂ ಮಗಳ ಹೆರಿಗೆ, ಎಮ್ಮೆಯ ಜ್ವರ ಎಲ್ಲಾ ಹೇಳಿಯೇ ಹೋಗುವುದು. ಅದನ್ನು ಬಿಟ್ಟು ಮನೆಯಲ್ಲಿ ಯಾರ ಮಾತು ಕೇಳುತ್ತಾ ಕೂರಬೇಕು?

ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಚನಾ ಎಕ್ಸ್‌ರೇ ನೋಡಿ, "ಎಲುಬಿಗೇನೂ ಆಗಿಲ್ಲ. ಆಫೀಸಿನಾಗ ಹೆಂಗ ಕುಂದ್ರತೀರಿ, ತೋರಿಸ್ರಿ" ಎಂದರು. ಸುಮಲತಾ ಸ್ಟೂಲಿನ ಮೇಲೆ ಮೊಣಕಾಲು ಗೋಡೆಯ ಕಡೆ, ಮುಖ ಡಾಕ್ಟರ ಕಡೆ ಮಾಡಿ ಕೂತಳು.

"ಇದೇನ್ರೀ, ಸ್ಟುಡಿಯೋದಾಗ ಫೋಟೋಕ್ಕ ಕುಂತಂಗ ಕುಂತೀರಿ! ದಿನಾ ಹಿಂಗನಾ?"

"ನೆಟ್ಟಗ ಕುಂತ್ರ ಸ್ವಾಮಿಗೆ ಬೆನ್ನು ಹಾಕಿದಂಗ ಆಗ್ತತ್ರಿ."

ವಿಷಯ ಅಷ್ಟೇ. ಕೊಟ್ಟೂರೇಶ್ವರನ ದೊಡ್ಡ ಫೋಟೋ ಸಂಘದ ಹಿಂದಿನ ಗೋಡೆಯಲ್ಲಿತ್ತು. ಪಂಚಾಕ್ಷರಪ್ಪನವರ ತಂದೆ ತೂಗುಹಾಕಿದ್ದು. ಕಂಪ್ಯೂಟರುಗಳು ಬಂದು ಮುಂದೆ ಕೌಂಟರಿನ ಬಳಿ ಕೂತವು. ಸ್ವಾಮಿಗೆ ಬೆನ್ನು ಕೊಡಬಾರದೆಂದು ಎಲ್ಲರೂ ಕುರ್ಚಿ ಓರೆ ಮಾಡಿಕೊಂಡು, ಕುತ್ತಿಗೆ ಮಾತ್ರ ಪರದೆಯ ಕಡೆ ಹೊರಳಿಸಿ ವರ್ಷಗಟ್ಟಲೆ ದುಡಿದಿದ್ದರು.

ಫೋಟೋವನ್ನು ಗಾಜಿನಾಚೆ ಮುಂದಿನ ಗೋಡೆಗೆ ಹಾಕೋಣವೇ ಎಂದು ಸುಮಲತಾ ಕೇಳಿದಾಗ ಪಂಚಾಕ್ಷರಪ್ಪ ಗಾಬರಿಯಾದರು. "ಏನವಾ, ನಮ್ಮಪ್ಪ ಕೈಯಾರೆ ಮೊಳಿ ಹೊಡದಿದ್ದು! ಕುತ್ತಿಗಿ ನೋವು ಇವತ್ತು ಬರ್ತತಿ, ನಾಳೆ ಹೋಗ್ತತಿ" ಎಂದು, ಕೊರಳ ಪಟ್ಟಿಯನ್ನು ಸಡಿಲ ಮಾಡಿಕೊಂಡರು.

ತಿಂಗಳು ಕರಗುತ್ತಿತ್ತು. ಮರುದಿನ ಸುಮಲತಾ ಫೋಟೋಗೆ ಕೈಮುಗಿದು, "ಸಿಟ್ಟಾಗಬ್ಯಾಡಪ್ಪಾ" ಎಂದು ಕುರ್ಚಿಯನ್ನು ನೆಟ್ಟಗೆ ಎಳೆದು ಕೂತುಬಿಟ್ಟಳು. ಹೆಗಲು ಹಗುರಾಯಿತು. ಆದರೆ ಗಾಜಿನಾಚೆಯಿಂದ ಉಜ್ಜಿನಿಯ ಅಂಜಿನಕ್ಕ ಕಣ್ಣರಳಿಸಿದಳು.

"ಇದೇನಬೇ ಯವ್ವಾ, ಕೊಟ್ಟೂರೇಶಗ ಬೆನ್ನು ಕೊಟ್ಟು ಕುಂತೀ!"

ಸಂಜೆ ಸುಮಲತಾಳಿಗಿಂತ ಮೊದಲು ಸುದ್ದಿ ಮನೆ ಸೇರಿತ್ತು. ಕಲ್ಯಾಣಮ್ಮ ಬೈಯಲಿಲ್ಲ. ಅನ್ನ ಬಡಿಸಿ, "ನಾಳೆ ನಾನೂ ಬರ್ತೀನಿ" ಎಂದಳು, ಅಷ್ಟೇ.

ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಲ್ಯಾಣಮ್ಮ ಸಂಘಕ್ಕೆ ಬಂದಳು. ಪಂಚಾಕ್ಷರಪ್ಪ ಎದ್ದು ನಿಂತರು. "ಬರ್ರಿ ಅಮ್ಮಾ. ನೀವ ಹೇಳ್ರಿ ನಿಮ್ಮ ಸೊಸಿಗೆ."

ಕಲ್ಯಾಣಮ್ಮ ಸ್ವಾಮಿಗೆ ಕೈಮುಗಿದು, ಸೊಸೆಯನ್ನೆಬ್ಬಿಸಿ, ಕುರ್ಚಿಯನ್ನು ಮೊದಲಿನ ಹಾಗೆ ಓರೆ ಮಾಡಿ ತಾನೇ ಕೂತಳು. ಪರದೆ ನೋಡಿದಳು. ಗಾಜಿನಾಚೆ ಯಾರೋ ಕರೆದರೆ ಅತ್ತ ತಿರುಗಿದಳು, ಮತ್ತೆ ಇತ್ತ. ತುಸು ಹೊತ್ತಿಗೆ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

"ಅಯ್ ಶಿವನೇ! ಪಂಚಾಕ್ಷರಪ್ಪ, ನೀನರ ದಿನಾ ಸ್ವಾಮಿ ಮುಖ ನೋಡ್ತೀಯೇನು?"

"ಕುತ್ತಿಗಿ ತಿರುಗಿದ್ರಲ್ಲೇನ್ರಿ ನೋಡೂದು" ಎಂದ ಮಾರೇಶ.

"ನೀ ಸುಮ್ಕಿರಲೇ" ಎಂದರು ಪಂಚಾಕ್ಷರಪ್ಪ.

"ಯಾರೂ ನೋಡದ ಕಡಿಗೆ ಸ್ವಾಮಿನ್ನ ಹಾಕಿ, ನೀವೆಲ್ಲಾ ಡೊಂಕಾಗಿ ಕುಂತೀರಿ. ಮುಂದ ಹಾಕು. ಮುಖ ನೋಡಿಕೋತ ಕೆಲಸ ಮಾಡ್ರಿ. ಅವಗೂ ಬ್ಯಾಸರಾಗಂಗಿಲ್ಲ."

"ನಮ್ಮಪ್ಪ ಹಾಕಿದ್ದಮ್ಮಾ..."

"ನಿಮ್ಮಪ್ಪಗ ನಾನು ಮ್ಯಾಲೆ ಹೋದಾಗ ಹೇಳ್ತೀನಿ ತಗೋ."

ಸೋಮವಾರ ಕಾಯಿ ಒಡೆದು ಕೆಲಸ ಶುರುವಾಯಿತು. ಆದರೆ ಫೋಟೋ ಇಳಿಸುವವರಾರು? ಪಂಚಾಕ್ಷರಪ್ಪನವರ ಕೈ ಎದೆಯ ಮಟ್ಟಕ್ಕೇ ನಿಂತಿತು, ಮಾರೇಶನದು ಕಿವಿಯವರೆಗೂ ಹೋಗಲಿಲ್ಲ. ಕಡೆಗೆ ಜೀವಮಾನವೆಲ್ಲ ರೊಟ್ಟಿ ಬಡಿದ ಕಲ್ಯಾಣಮ್ಮನೇ ಸೆರಗು ಸಿಕ್ಕಿಸಿಕೊಂಡು ಕುರ್ಚಿ ಹತ್ತಿದಳು. "ಗಟ್ಟಿ ಹಿಡಿಯೋ ಮಾರೇಶಾ, ಸ್ವಾಮಿನೂ ನಾನೂ ಕೂಡೇ ಬಿದ್ದೇವು!" ಆಮೇಲೆ ಮಿರ್ಚಿ, ಮಂಡಕ್ಕಿ, ಚಹಾ.

ಈಗ ಕುರ್ಚಿಗಳೆಲ್ಲ ನೆಟ್ಟಗಿವೆ. ಕೌಂಟರಿಗೆ ಬಂದವರೇ ಓರೆ ನಿಲ್ಲುತ್ತಾರೆ, ಫೋಟೋ ಅವರ ಬೆನ್ನಿಗೆ ಬಂತಲ್ಲ. "ಲಗೂನ ಮುಗಿಸಬೇ, ಕುತ್ತಿಗಿ ಹಿಡೀತತಿ" ಎನ್ನುತ್ತಾಳೆ ಅಂಜಿನಕ್ಕ. ಹಾಗೆಂದು ಮೊಮ್ಮಗನ ಮದುವೆ ಮಾತು ಹೇಳದೆ ಹೋಗುವುದಿಲ್ಲ.

ತಿಂಗಳ ಕೊನೆಯ ಸಂಜೆ ಕಲ್ಯಾಣಮ್ಮ ನಾದಿದ ಹಿಟ್ಟನ್ನು ಸೊಸೆಯ ಮುಂದೆ ತಳ್ಳಿದಳು. "ಬಡಿ ನೋಡೂಣು."

ಸುಮಲತಾ ಬಡಿದಳು. ಹೆಗಲು ಸ್ವಲ್ಪ ಚುರುಕ್ಕೆಂದಿತು, ಬಾಯಿಂದ ಸದ್ದು ಬರಲಿಲ್ಲ. ರೊಟ್ಟಿ ದುಂಡಗೆ ಅಗಲವಾಗಿ ಹೆಂಚಿಗೆ ಬಿತ್ತು. ಕಲ್ಯಾಣಮ್ಮ ಅದನ್ನು ತಿರುವಿ ಹಾಕಿ, ಉಬ್ಬುವವರೆಗೆ ನೋಡುತ್ತಾ ನಿಂತಳು.

"ಹಂಗಾರ ನಾಳೆ ಡಬ್ಬಿಗೆ ಏನು ಕಟ್ಲಿ? ಬದನಿಕಾಯೇನು, ಹೆಸರುಕಾಳೇನು?"