ಗುಂಡಿ ಬೇಡದವರು

ಗಂಡನ ಹೆಣ ಜಗಲಿಯ ಮೇಲಿತ್ತು, ಪಟ್ಟಲಮ್ಮ ಒಳಗೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳಚಿ ಎದ್ದ ಹುಳ. ಹೊಟ್ಟೆ ಬಿರಿಯ ತಿಂದು ಇನ್ನೇನು ಗೂಡು ಕಟ್ಟಬೇಕು. ಮನೆಯ ಯಜಮಾನ ಸತ್ತನೆಂದು ಅದು ಉಪವಾಸ ಕೂರುವುದಿಲ್ಲ.

"ಸೂತ್ಕದಲ್ಲಿ ಉಳದ್ ಮನೆಗೆ ಓಯ್ತಾರೇನೆ?" ವಾರಗಿತ್ತಿ ಬಾಗಿಲಲ್ಲಿ ನಿಂತು ಮೂಗಿನ ಮೇಲೆ ಬೆರಳಿಟ್ಟಳು.

"ನೀನ್ ಬಂದು ಸೊಪ್ಪಾಕು. ನಾನ್ ಓಗಿ ಅಳ್ತಾ ಕೂತ್ಕತೀನಿ," ಎಂದಳು ಪಟ್ಟಲಮ್ಮ, ತಿರುಗಿಯೂ ನೋಡದೆ. ವಾರಗಿತ್ತಿ ಸೆರಗು ಸರಿಮಾಡಿಕೊಂಡು ಅಲ್ಲಿಂದ ಜಾಗ ಖಾಲಿ ಮಾಡಿದಳು.

ಹೊರಗೆ ಮೈಕು "ಹಲೋ, ಚೆಕ್, ಹಲೋ" ಎನ್ನುತ್ತಿತ್ತು. 'ಮಹಿಮೆಯ ಬಾಗಿಲು' ಸಭೆಯವರು ಆತಗೂರಿನ ರಸ್ತೆಯಲ್ಲಿರುವ ತಮ್ಮ ತಗಡಿನ ಶೆಡ್ಡಿನಿಂದ ಸ್ಪೀಕರು, ಕೀಬೋರ್ಡು, ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ ಎಲ್ಲ ಹೇರಿಕೊಂಡು ಬೆಳಿಗ್ಗೆಯೇ ಬಂದಿಳಿದಿದ್ದರು. ಪಟ್ಟಲಮ್ಮನ ಗಂಡ ಚೌಡಯ್ಯ ಆ ಸಭೆಯ ಹಳೇ ವಿಶ್ವಾಸಿ. ಹಿಂದಿನ ದಿನ ಮಧ್ಯಾಹ್ನ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ. ಕುಳಿತವನು ಏಳಲಿಲ್ಲ.

ಪಟ್ಟಲಮ್ಮ ಕೈಗೆ ಅಂಟಿದ ಸೊಪ್ಪು ಒದರಿಕೊಂಡು ಜಗಲಿಗೆ ಬಂದಳು. ಹೆಣದ ತಲೆಯ ಹತ್ತಿರ ಪಾಸ್ಟರ್ ರಘುನಂದನ್ ನಿಂತಿದ್ದ. ಮಂಡ್ಯದವನು, ಬಿಳಿ ಪ್ಯಾಂಟು, ಬಿಳಿ ಶೂ. ಸಭೆ ಕಟ್ಟುವ ಮುಂಚೆ ಇನ್ಷೂರೆನ್ಸ್ ಏಜೆಂಟಾಗಿದ್ದ. ಆಗ ಮನೆಮನೆಗೂ ಹೋಗಿ ನೀವು ಸಾಯ್ತೀರಿ ಎಂದು ಹೆದರಿಸುತ್ತಿದ್ದವನು, ಆಮೇಲೆ ಅದೇ ಮನೆಗಳಿಗೆ ಹೋಗಿ ನೀವು ಸಾಯೋದೇ ಇಲ್ಲ ಎಂದು ಹೇಳಲು ಶುರುಮಾಡಿದ. ಎರಡನ್ನೂ ಜನ ನಂಬಿದರು. ನಂಬುವ ಜನಕ್ಕೆ ನಮ್ಮ ಕಡೆ ಯಾವತ್ತು ಬರ ಬಂದಿದೆ?

"ಪಾಸ್ಟ್ರೇ, ಮಣ್ಣು ಮಾಡಾದೆಲ್ಲಿ?" ಎಂದು ಕೇಳಿದಳು.

"ಸಿಸ್ಟರ್, ಮೊದಲು ಒಂದು ಆರಾಧನೆ ಮುಗಿಸೋಣ."

"ಆಮೇಕೆ?"

"ಆಮೇಲೆ ಕರ್ತನು ದಾರಿ ತೋರಿಸ್ತಾನೆ."

"ದಾರಿ ಬ್ಯಾಡ. ಜಾಗ ತೋರ್ಸಿ."

ಕೀಬೋರ್ಡು ಬಾರಿಸುತ್ತಿದ್ದವನ ಕೈ ನಿಂತಿತು. ಸಭೆಯ ಹಿರಿಯರಾದ ರಿಟೈರ್ಡ್ ಮೇಷ್ಟ್ರು ಸಂಪತ್ ಕುಮಾರ ಪಾಸ್ಟರ ಮುಖ ನೋಡಿದರು, ಪಾಸ್ಟರು ಶಾಮಿಯಾನದ ಗೂಟ ನೋಡಿದ. ಸಭೆ ಶುರುವಾದ ಮೇಲೆ ಅದರಲ್ಲಿ ಸತ್ತವನು ಚೌಡಯ್ಯನೇ ಮೊದಲಿಗ. ಅವರ ಹತ್ತಿರ ಎಲ್ಲವೂ ಇತ್ತು, ಜನರೇಟರು ಸಮೇತ. ಒಂದು ಹೆಣ ಹೂಳುವ ಜಾಗ ಮಾತ್ರ ಇರಲಿಲ್ಲ.

ಮದ್ದೂರು, ಮಂಡ್ಯದ ಹಳೇ ಚರ್ಚುಗಳವರಿಗೆ ಸ್ವಂತ ಸಮಾಧಿ ಭೂಮಿ ಉಂಟು. ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಆದರೆ ಅವರನ್ನು ಪಾಸ್ಟರು ಪ್ರತಿ ಭಾನುವಾರ ಮೈಕು ಹಿಡಿದು, ನಿದ್ದೆ ಹೊಡೆಯುವ ಸಭೆಗಳು, ಕರ್ತನು ಬಂದರೂ ಏಳದ ಸಭೆಗಳು ಎಂದು ಉಗಿದಿದ್ದ. ಈಗ ಯಾವ ಮುಖ ಹೊತ್ತುಕೊಂಡು ಅವರ ಗೇಟಿಗೆ ಹೋಗುವುದು?

*

ಚೌಡಯ್ಯ ಸಭೆಗೆ ಸೇರಿದ್ದು ಕುಡಿತ ಬಿಡಲು. ಬಿಟ್ಟ ಕೂಡ. ಅದನ್ನು ಪಟ್ಟಲಮ್ಮ ಒಪ್ಪಲೇಬೇಕು, ಅವಳ ಬೆನ್ನೂ ಒಪ್ಪುತ್ತದೆ. ಕುಡಿಯುವಾಗ ಅವನು ಒಂದು ಕೆಲಸಕ್ಕೂ ಒದಗುತ್ತಿರಲಿಲ್ಲ. ಬಿಟ್ಟ ಮೇಲೆ ಒದಗುತ್ತಾನೆ ಎಂದುಕೊಂಡಳು, ಪಾಪ. ಬಿಟ್ಟ ಮೇಲೆ ಅವನು ಕರ್ತನು ಬರುವುದನ್ನು ಕಾಯಲು ಕುಳಿತ.

ಸರ್ಕಾರದ ಮನೆ, ಇಟ್ಟಿಗೆ ಗೋಡೆ, ಗಿಲಾವು ಆಗಿಲ್ಲ. "ಗಿಲಾವು ಮಾಡ್ಸಯ್ಯ, ಗ್ವಾಡೆ ಸಂದೀಲಿ ಚೇಳು ಸೇರ್ಕತಾವೆ," ಎಂದರೆ, "ಅವ್ನ್ ಬಂದ್ಬುಟ್ರೆ ಈ ಗ್ವಾಡೆ ಯಾವನಿಗ್ಬೇಕಮ್ಮಿ," ಎನ್ನುವನು. ತೆಂಗಿನ ಸಸಿ ತಂದುಕೊಟ್ಟರೆ, ಇದು ಕಾಯಿ ಬಿಡೋಗಂಟ ನಾವು ಇಲ್ಲಿ ಇರ್ತೀವಾ ಎಂದು ನಕ್ಕು ಪಕ್ಕದವರಿಗೆ ಕೊಟ್ಟುಬಿಟ್ಟ. ಆ ಮರಗಳ ಎಳನೀರನ್ನು ಇವತ್ತು ಪಕ್ಕದ ಮನೆಯವರು ಕುಡಿಯುತ್ತಿದ್ದಾರೆ.

ಒಂದು ಸಲ ತಾಲ್ಲೂಕು ಕಚೇರಿಯಲ್ಲಿ, ಸ್ಮಶಾನಕ್ಕೆ ಜಾಗ ಬೇಕಾದ ಸಮುದಾಯದವರು ಅರ್ಜಿ ಕೊಡಬಹುದು ಎಂದು ಹೇಳಿದ್ದರಂತೆ. ಪಂಪ್‌ಸೆಟ್ ರಿಪೇರಿ ಮಾಡುವ ಗಫಾರ್ ಬಂದು ಚೌಡಯ್ಯನಿಗೆ ಸುದ್ದಿ ಮುಟ್ಟಿಸಿದ. "ನಮ್ಮೋರು ಕೊಟ್ಟವ್ರೆ ಕಣಣ್ಣ. ನಿಮ್ ಸಭೆಯೋರೂ ಒಂದ್ ಅರ್ಜಿ ಒಗ್ದ್‌ಬುಡಿ."

ಚೌಡಯ್ಯ ಆ ಮಾತನ್ನು ಭಾನುವಾರ ಸಭೆಯಲ್ಲಿಟ್ಟ. ಪಾಸ್ಟರು ಕಣ್ಣು ಮುಚ್ಚಿ, ತುಂಬ ನೋವಾದವನ ಹಾಗೆ ತಲೆಯಾಡಿಸಿದ. "ಬಸ್ಸಿಗೆ ಟಿಕೆಟ್ ತಗೊಂಡೋನು ನಡ್ಕೊಂಡು ಹೋಗೋಕೆ ಚಪ್ಪಲಿ ಹೊಲಿಸ್ತಾನಾ? ಅವನು ಹೇಳದೆ ಕೇಳದೆ ಬರ್ತಾನೆ, ನಮ್ಮನ್ನ ಬದುಕಿದ್ದ ಹಾಗೇ ಎತ್ಕೊಂಡು ಹೋಗ್ತಾನೆ. ಗುಂಡಿಗೆ ಅರ್ಜಿ ಹಾಕೋದು ಅಂದ್ರೆ ಅವನು ಬರೋಲ್ಲ ಅಂತ ರುಜು ಹಾಕ್ದಂಗೆ. ನಿಮ್ಮಲ್ಲಿ ಯಾರಿಗಾದ್ರೂ ಸಾಯೋ ಯೋಚನೆ ಇದ್ರೆ ಕೈ ಎತ್ತಿ."

ಒಬ್ಬರೂ ಕೈ ಎತ್ತಲಿಲ್ಲ. ಸಂಪತ್ ಕುಮಾರ ಮೇಷ್ಟ್ರು ನಕ್ಕರು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವನು ಚೌಡಯ್ಯ.

ಮನೆಗೆ ಬಂದು ಇದನ್ನು ದೊಡ್ಡ ಸಾಹಸದಂತೆ ಹೇಳಿದಾಗ ಪಟ್ಟಲಮ್ಮ ಹಣೆ ಚಚ್ಚಿಕೊಂಡಳು. "ಅಲ್ಲಾ ಕಣಯ್ಯ, ಅವ್ನ್ ಬರೋದು ತಡ ಆಗಿ ನೀನ್ ಮೊದ್ಲು ಓದ್ರೆ ನಿನ್ನ ಎಲ್ಲಿಕ್ಲಿ? ಅಟ್ಟದ್ ಮ್ಯಾಲಾ?"

"ನಂಗ್ಯಾಕಮ್ಮಿ ಗುಂಡಿ. ನಾನ್ ಮ್ಯಾಕೋಗೋನು," ಎಂದು ಚೌಡಯ್ಯ ಮುದ್ದೆ ಮುರಿದ.

*

ಆರಾಧನೆ ಅರ್ಧವಾಗಿತ್ತು. ಚೌಡಯ್ಯನ ಅಣ್ಣ ರಾಜೇಂದ್ರ ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಪಂಚಾಯ್ತಿ ಮೆಂಬರಾಗಿದ್ದವನು. ಸೋತು ಎಷ್ಟೋ ಕಾಲವಾಗಿದ್ದರೂ ನಡಿಗೆ ಮಾತ್ರ ಇನ್ನೂ ಗೆದ್ದವನದೇ. ತಮ್ಮ ಕುಡಿದು ಹೆಂಡತಿಗೆ ಹೊಡೆಯುವಾಗ ಈ ಮಹಾರಾಯ ಒಂದು ದಿನ ಬಂದು ಕೈ ಹಿಡಿಯಲಿಲ್ಲ. ತಮ್ಮ ಕುಡಿತ ಬಿಟ್ಟು ಮಾರಿಹಬ್ಬಕ್ಕೆ ಬರಲಿಲ್ಲವೆಂದಾಗ ಮಾತ್ರ ಓಡಿಬಂದಿದ್ದ.

"ನೋಡಮ್ಮ, ಊರೋರ್ನೆಲ್ಲ ಒಪ್ಸಿ ಬಂದಿವ್ನಿ," ಎಂದ. "ನಮ್ ತೋಪಿನಾಗೆ ಅಪ್ಪನ್ ಪಕ್ಕದಲ್ಲೇ ಜಾಗ ಕೊಡ್ತಾರೆ. ಎದೆ ಮ್ಯಾಗಿನ್ ಆ ಸಿಲುಬೆ ತೆಗ್ದು, ಅಣೆಗ್ ಇಬೂತಿ ಎಳ್ದು, ಬಾಯಿಗ್ ತೀರ್ಥ ಬುಡ್ಬೇಕು. ಮೂರ್ ದಿನಕ್ ಆಲುತುಪ್ಪ, ಅನ್ನೊಂದಕ್ ತಿತಿ. ಕೊನೇಗಾಲದಲ್ಲಿ ಬುದ್ಧಿ ಬಂದು ನಮ್ ದೇವ್ರಿಗೇ ತಿರುಕ್ಕಂಡ ಅಂತ ನೀನ್ ಒಂದ್ ಮಾತು ಅಂದ್ಬುಡು, ಸಾಕು."

ಪಾಸ್ಟರು ಮುಂದೆ ಬಂದ. "ಸಿಸ್ಟರ್, ಅದಕ್ಕೆ ಒಪ್ಪಬೇಡಿ. ಬ್ರದರ್ ಮುಗಿಲಿಗೆ ಏರೋರ ಪಟ್ಟಿಯಿಂದ ಬಿಟ್ಟುಹೋಗ್ತಾರೆ. ನಾವು ಬಾಡೀನ ಮಂಡ್ಯದಲ್ಲಿ ಐಸ್ ಪೆಟ್ಟಿಗೇಲಿ ಇಡೋಣ. ಬೆಂಗಳೂರಿನಿಂದ ನಮ್ಮ ಸೀನಿಯರ್ ದೈವಸೇವಕರು ಬರ್ಲಿ, ಅವರಿಗೆ ಕರ್ತನಿಂದ ಏನಾದ್ರೂ ಪ್ರಕಟಣೆ ಆಗುತ್ತೆ."

"ಯಾವಾಗ್ ಬತ್ತಾರೆ?"

"ಅದು ಹೇಳಕ್ಕಾಗಲ್ಲ."

ಅವರೂ ಗಂಡ ಕಾಯುತ್ತಿದ್ದವನ ಜಾತಿಯೇ, ಎಂದುಕೊಂಡಳು ಪಟ್ಟಲಮ್ಮ.

ಮಳವಳ್ಳಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ದೀಪಿಕ ಬಂದು ತಾಯಿಯ ತೋಳು ಹಿಡಿದಳು. ಅವಳ ಅತ್ತೆ ಮಾವ ಬೇವಿನ ಮರದ ಕೆಳಗೆ, ನೀರು ಕೊಟ್ಟರೂ ಮುಟ್ಟದೆ ನಿಂತಿದ್ದರು. "ಅವ್ವ, ದೊಡ್ಡಪ್ಪ ಯೋಳ್ದಂಗ್ ಮಾಡ್ಬುಡವ್ವ. ಮೂರ್ ಗೆರೆ ತಾನೆ. ಅಪ್ಪಂಗೇನ್ ಗೊತ್ತಾಯ್ತದೆ? ನಾನ್ ಆ ಮನೇಲಿ ಬಾಳ್ಬೇಕು."

ನ್ಯಾಯವಾದ ಮಾತು. ಮೂರೇ ಗೆರೆ. ಒಪ್ಪಿದರೆ ಊರು ಮತ್ತೆ ಬಾಗಿಲಿಗೆ ಬರುತ್ತದೆ, ಮಗಳ ಬಾಳು ಹಸನಾಗುತ್ತದೆ, ಹೆಣ ಹೊತ್ತು ಮುಳುಗುವುದರೊಳಗೆ ಮಣ್ಣು ಕಾಣುತ್ತದೆ. ವಾರಗಿತ್ತಿ ಆಗಲೇ ವಿಭೂತಿ ತಟ್ಟೆ ಹಿಡಿದು ನಿಂತಿದ್ದಳು. ಪಟ್ಟಲಮ್ಮ ಗಂಡನ ಹಣೆ ನೋಡಿದಳು.

*

ಸಭೆಯಲ್ಲೊಂದು ಪದ್ಧತಿ ಇತ್ತು. ಅವನು ಯಾವ ಗಳಿಗೆಯಲ್ಲಿ ಬರುತ್ತಾನೋ ಗೊತ್ತಿಲ್ಲ, ಬಂದಾಗ ಯಾರ ಜೊತೆಗೂ ಜಗಳ ಬಾಕಿ ಇರಬಾರದು. ಅದಕ್ಕೆ ದಿನದ ಜಗಳವನ್ನು ಹೊತ್ತು ಮುಳುಗುವ ಮುಂಚೆ ಮುಗಿಸಬೇಕು. ಎಲ್ಲರೂ ಭಾನುವಾರ ಹೂಂ ಎನ್ನುತ್ತಿದ್ದರು. ಪಾಸ್ಟರು ಸ್ವಂತ ತಮ್ಮನ ಜೊತೆ ಮಾತುಬಿಟ್ಟು ಯಾವ ಕಾಲವಾಗಿತ್ತೋ. ನಿಜವಾಗಿ ಮಾಡುತ್ತಿದ್ದವನು ಚೌಡಯ್ಯ ಒಬ್ಬನೇ.

ಸಂಜೆ ಕಾಲು ತೊಳೆದುಕೊಂಡು ಹೊರಡುವನು. ಆಲೆಮನೆ ಯಜಮಾನನ ಹತ್ತಿರ, ಗಫಾರನ ಹತ್ತಿರ, ಬೆಳಿಗ್ಗೆ ಬೈದುಕೊಂಡಿದ್ದ, ನಾಲೆ ನೀರು ಬಿಡುವ ನೀರುಗಂಟಿಯ ಹತ್ತಿರ. ಕೊನೆಗೆ ಪಟ್ಟಲಮ್ಮನ ಒಲೆಯ ಮುಂದೆ. "ಅಮ್ಮಿ, ಇವತ್ತಿನ್ ಜಗ್ಳ ಇವತ್ಗೇ ಬುಟ್ಬುಡು."

"ಬುಟ್ಟೆ ಓಗು," ಎಂದು ಕೋಳಿ ಓಡಿಸುವ ಹಾಗೆ ಹೇಳುವಳು. ಒಮ್ಮೆ ಬೇಕೆಂದೇ ಬಾಯಿ ಬಿಡಲಿಲ್ಲ. ಅವನು ಉಣ್ಣದೆ ಹೊಸ್ತಿಲಲ್ಲಿ ಕುಳಿತೇ ಇದ್ದ. "ಬ್ಯಾಗ ಯೋಳಮ್ಮಿ, ಅವ್ನ್ ಬಂದ್ಬುಟ್ರೆ ಏನ್ ಮಾಡ್ಲಿ," ಎಂದ. ಕಣ್ಣಲ್ಲಿ ನೀರಿತ್ತು. ಇಂಥ ತಿಕ್ಕಲನನ್ನು ಕಟ್ಟಿಕೊಂಡೆನಲ್ಲಾ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು.

ನಿನ್ನೆ ಬೆಳಿಗ್ಗೆ ಜಗಳವಾದದ್ದು ಚಂದ್ರಿಕೆಗಾಗಿ, ಅಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಾಗಿ. ಬಿಚ್ಚಿಹೋಗಿದೆ, ಕಟ್ಟಿಕೊಡು ಎಂದು ವಾರದಿಂದ ಹೇಳಿದರೂ ಮುಟ್ಟಿರಲಿಲ್ಲ. "ನೀನ್ ಇದ್ರೆಷ್ಟು ಓದ್ರೆಷ್ಟು," ಎಂದುಬಿಟ್ಟಳು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಸಂದೆಗ್ ಬಂದ್ ಕೇಳ್ಕತೀನಿ ಬುಡು," ಎಂದು ನಕ್ಕು ಹೋದ.

ಸಂಜೆ ಬಂದ. ನಾಲ್ಕು ಜನ ಹೊತ್ತುಕೊಂಡು ಬಂದರು.

*

"ಆ ತಟ್ಟೆ ಒಳಗಿಕ್ಕು," ಎಂದಳು ಪಟ್ಟಲಮ್ಮ ವಾರಗಿತ್ತಿಗೆ. ಆಮೇಲೆ ರಾಜೇಂದ್ರನ ಕಡೆ ತಿರುಗಿದಳು. "ಬಾವ, ನಿಮ್ ತಮ್ಮ ಒಂದ್ ಕೆಲ್ಸಕ್ ಬಾರ್ದೋನು. ಗ್ವಾಡೆ ಮಾಡ್ಲಿಲ್ಲ, ಮರ ಮಾಡ್ಲಿಲ್ಲ. ತಿಕ್ಲ. ಆದ್ರೆ ಸುಳ್ಳನಲ್ಲ. ಬದ್ಕಿರಗಂಟ ತಿಕ್ಲನಾಗಿದ್ದ, ಸತ್ ಮ್ಯಾಕೆ ಸುಳ್ಳನ್ ಮಾಡ್ಬ್ಯಾಡಿ."

"ಅಂಗಾರೆ ಎಣಾನ ಮನೇಲೇ ಇಟ್ಕತೀಯಾ?"

"ನಮ್ಮಪ್ಪ ಕೊಟ್ಟಿರೋ ಇಪ್ಪುನೇರ್ಳೆ ತ್ವಾಟ ನನ್ನೆಸ್ರಲ್ಲದೆ. ಅಲ್ಲಿಕ್ತೀನಿ."

"ಸಮಾದಿ ಇರೋ ತ್ವಾಟ್ದಲ್ಲಿ ಯಾವ್ ಕೂಲಿಯೋಳು ಸೊಪ್ ಕುಯ್ತಾಳೆ? ಗುಂಡಿ ತೋಡಕ್ ಊರಿಂದ ಒಬ್ನೂ ಬರಾಕಿಲ್ಲ, ತಿಳ್ಕೊ."

"ನಾನೇ ಕುಯ್ಕತೀನಿ. ಇಷ್ಟ್ ದಿನ ಇನ್ಯಾರ್ ಕುಯ್ತಿದ್ರು?" ಎಂದವಳು ಪಾಸ್ಟರನ್ನೂ ಬಿಡಲಿಲ್ಲ. "ನಿಮ್ ಐಸ್ ಪೆಟ್ಗೇನೂ ಬ್ಯಾಡ. ಒಲೆ ಮುಂದೆ ಬದ್ಕಿದೋನು, ಚಳಿ ತಡ್ಯಾಕಿಲ್ಲ. ಪ್ಯಾಂಟು ಮಡ್ಚಿ, ಗುದ್ಲಿ ಇಡೀರಿ."

ಬೇವಿನ ಮರದ ಕೆಳಗಿದ್ದ ಬೀಗರು ಕಾರು ಹತ್ತಿ ಹೋದರು. ದೀಪಿಕ ರಸ್ತೆಯ ತನಕ ಓಡಿ, ಕಾರು ತಿರುವು ದಾಟುವವರೆಗೆ ನಿಂತು, ವಾಪಸು ಬಂದು ಅಪ್ಪನ ಕಾಲ ಹತ್ತಿರ ಕುಳಿತಳು. ತಾಯಿಯ ಮುಖ ನೋಡಲಿಲ್ಲ. ಆದರೂ ಪಟ್ಟಲಮ್ಮ ಆಡಿದ ಮಾತನ್ನು ತಿರುಗಿಸಲಿಲ್ಲ.

ನಾಲೆಯ ಪಕ್ಕದ ಹತ್ತು ಗುಂಟೆ. ಎದೆಯುದ್ದ ಬೆಳೆದ ಹಿಪ್ಪುನೇರಳೆ ಸಾಲು. ಪಟ್ಟಲಮ್ಮ ಕುಡುಗೋಲು ಹಿಡಿದು ಒಂದು ಸಾಲಿನ ಕಡ್ಡಿಯನ್ನೆಲ್ಲ ಸವರಿ ಜಾಗ ಮಾಡಿದಳು. ವಿಶ್ವಾಸಿಗಳು ಬೇರು ಕೀಳಲು ಹೋಗಿ ಕೈ ಬೊಬ್ಬೆ ಮಾಡಿಕೊಂಡರು. ಮುಗಿಲಿಗೆ ಹಾರಲು ತಯಾರಾಗಿದ್ದವರಿಗೆ ಮೊಣಕಾಲುದ್ದ ಮಣ್ಣು ಎತ್ತಲು ದಮ್ಮಿರಲಿಲ್ಲ. ಗಫಾರ್ ಹಾರೆ ಸನಿಕೆ ಹೊತ್ತು ಬಂದ ಮೇಲೆ ಕೆಲಸ ಸಾಗಿತು.

"ತಲೆ ಯಾವ್ ಕಡೀಗಕ್ಕ?" ಎಂದ ಗಫಾರ್.

ಪಾಸ್ಟರು ಮೊಬೈಲು ತೆಗೆದ. ಅವನು ಯಾರನ್ನೂ ಹೂತವನಲ್ಲ.

"ಕಾಲು ಮೂಡ್ಲಿಗ್ ಬರ್ಲಿ," ಎಂದಳು ಪಟ್ಟಲಮ್ಮ. "ಎದ್ ಕೂತ್ಕಂಡ್ರೆ ಹೊತ್ತುಟ್ಟೋ ಕಡೆ ಕಾಣ್ತದೆ. ಆ ಬರೋನು ಬಂದ್ರೆ ಇವ್ನಿಗ್ ಮಕ ಕಾಣ್ಲಿ. ಬರ್ದಿದ್ರೆ ಬಿಸ್ಲಾದ್ರೂ ಕಾಣ್ಲಿ."

ಇಳಿಸಿದರು. ಅವಳು ಹಿಡಿ ಮಣ್ಣು ತೆಗೆದುಕೊಂಡು ಬಗ್ಗಿದಳು. "ನೆನ್ನೇದ ಬುಟ್ಟೆ ಕಣಯ್ಯ," ಎಂದಳು. ಅವಳು ಅತ್ತಳು, ಅಳುತ್ತಲೇ ಅವನನ್ನು ಬೈದಳು, ಮತ್ತೆ ಅತ್ತಳು. ದೀಪಿಕ ಬಂದು ಬೆನ್ನ ಮೇಲೆ ಕೈ ಇಟ್ಟಳು.

ಮಣ್ಣು ಮುಚ್ಚಿದರು. ಹಾಡು ಮುಗಿಯಿತು. ಆದರೆ ವಿಶ್ವಾಸಿಗಳು ಹೊರಡಲಿಲ್ಲ. ಒಬ್ಬರನ್ನೊಬ್ಬರು ನೋಡದೆ, ಕೈ ಹಿಂದೆ ಕಟ್ಟಿಕೊಂಡು, ಸೊಪ್ಪಿನ ಸಾಲುಗಳನ್ನೇ ನೋಡುತ್ತ ನಿಂತರು.

ಸಂಪತ್ ಕುಮಾರ ಮೇಷ್ಟ್ರು ಹತ್ತಿರ ಬಂದು ಕೆಮ್ಮಿದರು. "ಪಟ್ಟಲಮ್ಮ, ಈ ತೋಟ ಒಟ್ಟು ಎಷ್ಟಿದೆ? ಸುಮ್ಮನೆ ಕೇಳ್ದೆ ಅಷ್ಟೆ. ನನಗೂ ಸಕ್ಕರೆ ಕಾಯಿಲೆ."

ಅವರ ಹಿಂದೆ ಕೀಬೋರ್ಡಿನವನ ತಾಯಿ ನಿಂತಿದ್ದಳು. "ನಾಲೆ ಕಡೆ ತ್ಯಾವ ಜಾಸ್ತಿ ಅಲ್ವೇನಕ್ಕ? ನಂಗ್ ಮಂಡಿ ನೋವು, ಈ ಕಡೇನೇ ವಾಸಿ," ಎಂದಳು.

ಪಟ್ಟಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ತಲೆ ಎತ್ತಿದಳು. ಪಾಸ್ಟರು ಗುಂಪಿನಲ್ಲಿ ಇರಲಿಲ್ಲ. ಚೌಡಯ್ಯನ ಪಕ್ಕದ ಸಾಲಿನಲ್ಲಿ, ಬದುವಿಗೆ ಹಿಮ್ಮಡಿ ಕೊಟ್ಟು, ಮೂಡಲಿಗೆ ಮುಖ ಮಾಡಿ ನಿಂತಿದ್ದ. ಅಲ್ಲಿಂದ ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸುತ್ತ ಹೆಜ್ಜೆ ಅಳೆದುಕೊಂಡು ಹೋಗಿ, ತಿರುಗಿ ನೋಡಿ, ಮೈಯನ್ನು ಒಂದಿಷ್ಟು ನೆಟ್ಟಗೆ ಮಾಡಿಕೊಂಡು, ಇನ್ನೂ ಅರ್ಧ ಹೆಜ್ಜೆ ಮುಂದೆ ಸರಿದ. ಅಲ್ಲೊಂದು ಹಸಿ ಕಡ್ಡಿ ಅಡ್ಡ ಬಂದಿತ್ತು. ಯಾರಾದರೂ ನೋಡುತ್ತಿದ್ದಾರೇನೋ ಎಂದು ಆಚೆ ಈಚೆ ಕಣ್ಣಾಡಿಸಿ, ಬಗ್ಗಿ, ಅದನ್ನು ಬುಡಕ್ಕೆ ಮುರಿದು ಪಕ್ಕಕ್ಕಿಟ್ಟ.