ಬಾಗಿಲಿಗೆ ಹಿಡಿಯದ ಮೇಜು

ಪರ್ರ್ ಎಂದು ಟೇಪು ಕಿತ್ತುಬರುವ ಸದ್ದು, ಬಟ್ಟೆ ಹರಿದ ಹಾಗೆ, ಅಲ್ಲ, ಬಟ್ಟೆ ಹೀಗೆ ಕಿರುಚುವುದಿಲ್ಲ, ಹತ್ತೊಂಬತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಅಷ್ಟೂ ಗೊತ್ತಿಲ್ಲವೇ — ಇನ್ನೂ ಹನ್ನೊಂದು ಖಾಲಿ ರಟ್ಟಿನ ಪೆಟ್ಟಿಗೆ ಉಳಿದಿವೆ, ಒಂದೊಂದನ್ನೂ ಬೋರಲು ಹಾಕಿ, ತಳದ ಟೇಪು ಕಿತ್ತು, ಕಾಲಲ್ಲಿ ಮೆಟ್ಟಿ ಚಪ್ಪಟೆ ಮಾಡಿ ಹೊರಗೆ ಗೋಡೆಗೆ ಒರಗಿಸಬೇಕು, ಗುಜರಿಯವರು ಹತ್ತು ಗಂಟೆಗೆ ಬರುತ್ತೇನೆಂದಿದ್ದಾರೆ, ರಟ್ಟು ತಗೋತೀನಮ್ಮ, ಮೇಜೂ ತಗೋತೀನಿ, ಥರ್ಮಾಕೋಲ್ ಮಾತ್ರ ಕೇಳ್ಬೇಡಿ, ಅದನ್ನ ಯಾರೂ ಮುಟ್ಟಲ್ಲ. ಯಾರೂ ಮುಟ್ಟದ ಥರ್ಮಾಕೋಲಿಗೆ ನಾನೇ ಗತಿ, ಬಿಳಿ ಕಾಳು ಸೆರಗಿಗೆ, ಕೂದಲಿಗೆ, ಕೊಡವಿದಷ್ಟೂ ಕೈಗೆ ಅಂಟಿಕೊಳ್ಳುತ್ತವೆ. ಬೆಳಿಗ್ಗೆಯೇ ಓನರಮ್ಮ ಇಣುಕಿದರು, ಮೇಜು ಹೀಗೆ ದಾರಿಗಡ್ಡ ನಿಂತ್ರೆ ಜನ ಓಡಾಡೋದು ಹೇಗಮ್ಮ, ಮಧ್ಯಾಹ್ನದೊಳಗೆ ತೆಗೆಸಿಬಿಡಿ, ಬೇಜಾರು ಮಾಡ್ಕೋಬೇಡಿ. ಬೇಜಾರು ಯಾಕೆ, ತಪ್ಪು ಅವರದಲ್ಲ, ಹಳೆಯ ಮನೆಯ ಜೋಡಿ ಬಾಗಿಲಿನಲ್ಲಿ ಸಲೀಸಾಗಿ ಹೊರಬಂದ ಮೇಜು ಈ ಬಾಡಿಗೆ ಮನೆಯ ಒಂಟಿ ಬಾಗಿಲಿಗೆ ಅಡ್ಡ ತಿರುಗಿಸಿದರೂ, ನಿಲ್ಲಿಸಿದರೂ, ಓರೆ ಮಾಡಿದರೂ ಒಂದು ಗೇಣು ಹೆಚ್ಚೇ, ಲಾರಿಯವರು ಬೆವರು ಒರೆಸಿಕೊಂಡು, ಅಕ್ಕಾ, ಮೇಜು ಬೇಕಾ ಬಾಗಿಲು ಬೇಕಾ ಹೇಳಿ ಎಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ.

ಪೆಟ್ಟಿಗೆಗಳ ಮೇಲೆಲ್ಲ ನಾದಿನಿಯ ಅಕ್ಷರ. ತನ್ನ ಹೊಸ ಸಂಸಾರ ಬಿಟ್ಟು ಮೂರು ದಿನ ಬಂದು ಕೂತು ಕಟ್ಟಿಕೊಟ್ಟು ಹೋದಳು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲೇ ಬರೆದಿದ್ದಾಳೆ — ಅಡುಗೆಮನೆ, ಮೊದಲು ಇದನ್ನೇ ಬಿಚ್ಚಿ, ಟೀ ಪುಡಿ ಇಲ್ಲಿದೆ — ಗಾಜಿನ ಸಾಮಾನು, ಅತ್ತಿಗೆಯ ಹಾಗೆ, ಮೆಲ್ಲಗೆ ಹಿಡಿಯಿರಿ — ಇದು ಏನೋ ಗೊತ್ತಿಲ್ಲ, ಬಿಸಾಕಲು ಮನಸ್ಸಾಗಲಿಲ್ಲ. ಅದನ್ನು ಬಿಚ್ಚಿದರೆ ಬರೀ ತುಂಡು ಬಟ್ಟೆ, ಹತ್ತೊಂಬತ್ತು ವರ್ಷ ನಾವಿಬ್ಬರೂ ಹೊಲಿದ ಶಾಲೆ ಸಮವಸ್ತ್ರಗಳ ನೀಲಿ, ಬೂದು, ಕಂದು. ನನ್ನವರು ತೀರಿಕೊಂಡ ವರ್ಷ ಶುರುವಾದ ಕೆಲಸ. ಗಂಡನೇ ಇಲ್ಲ ಅಂದ್ಮೇಲೆ ನಾದಿನಿ ಜೊತೆ ಎಂಥ ಬಾಳು, ತವರಿಗೆ ಬಂದ್ಬಿಡು ಎಂದಿದ್ದ ಅಣ್ಣ, ನಾನು ಚೀಲ ಕಟ್ಟಿಯೂ ಇದ್ದೆ, ಇವಳು ಬಾಗಿಲಲ್ಲಿ ನಿಂತಳು, ಅಳಲಿಲ್ಲ, ತಡೆಯಲಿಲ್ಲ, ಅತ್ತಿಗೆ, ನೀವು ಕತ್ತರಿಸಿ, ನಾನು ಹೊಲಿತೀನಿ, ಹೊಟ್ಟೆಗೇನೂ ಕಮ್ಮಿಯಾಗಲ್ಲ. ಅಷ್ಟೇ. ಆಮೇಲೆ ಬಡಗಿಯನ್ನು ಕರೆಸಿ ಆ ಮೇಜು ಮಾಡಿಸಿದೆವು. ಮಳಿಗೆಯಂಥ ಆ ಮುಂಗೋಣೆಯಲ್ಲಿ ಎದುರುಬದುರು ಕೂತು ಗುಂಡಿ ಹಚ್ಚುತ್ತ, ಅಂಚು ಮಡಿಸುತ್ತ, ಬೀದಿಯವರ ಸುದ್ದಿಯನ್ನೆಲ್ಲ ಜಾಲಾಡಿದ್ದೇವೆ, ಜಗಳವಾಡಿ ದಿನಗಟ್ಟಲೆ ಮಾತು ಬಿಟ್ಟಿದ್ದೇವೆ, ಮಾತು ಬಿಟ್ಟಾಗಲೂ ದಾರ ಪೋಣಿಸಿಕೊಡು ಎಂಬಂತೆ ಸೂಜಿ ಚಾಚುತ್ತಿದ್ದೆ, ಪೋಣಿಸಿ ಕೊಡುತ್ತಿದ್ದಳು, ಮುಖ ಮಾತ್ರ ಆ ಕಡೆ. ಆಮೇಲೊಂದು ದಿನ ಗಡಿಯಾರ ರಿಪೇರಿಯವರೊಬ್ಬರು ಬಂದರು, ಸವೆದ ಕಾಲರು ತಿರುಗಿಸಿ ಹೊಲಿಸಲು, ಒಂದೇ ಅಂಗಿಗೆ ಮೂರು ಸಲ ಬಂದರು, ಎಂಥ ಜಿಪುಣ ಎಂದುಕೊಂಡವಳು ನಾನು, ಅವರು ಬರುತ್ತಿದ್ದದ್ದು ಅಂಗಿಗಲ್ಲ ಎಂದು ನನಗೊಬ್ಬಳಿಗೇ ಹೊಳೆಯಲಿಲ್ಲ. ಅತ್ತಿಗೆ, ಒಂದು ಮಾತು ಹೇಳ್ಬೇಕು, ನೀವು ನಗಬಾರ್ದು, ಅವರು ನನ್ನ ಮದ್ವೆಯಾಗ್ತೀನಿ ಅಂತಿದಾರೆ. ಐವತ್ತೊಂದು ವಯಸ್ಸು ಅವಳಿಗೆ, ಕಿವಿಯೆಲ್ಲ ಕೆಂಪು. ನಾನು ನಕ್ಕುಬಿಟ್ಟೆ. ಸಂತೋಷಕ್ಕೆ ನಕ್ಕೆ ಎಂದುಕೊಂಡಳು, ನಾನೂ ಹಾಗೇ ಅಂದುಕೊಂಡೆ, ನೀವೂ ಬನ್ನಿ, ಅವರ ಮನೇಲಿ ಇನ್ನೊಂದು ಕೋಣೆ ಇದೆ, ಅವರೇ ಹೇಳಿದ್ರು ಎಂದಳು, ಹೋಗೇ, ನನಗೂ ಸ್ವಲ್ಪ ಹಾಯಾಗಿರೋಕೆ ಬಿಡು ಎಂದೆ. ಎಷ್ಟು ಬೇಗ ಹೇಳಿದೆ. ಇನ್ನೊಂದು ಸಲ ಕರೆದಿದ್ದರೆ — ಕರೆಯಲಿಲ್ಲ, ನಾನು ಹಾಯಾಗಿರಲೆಂದು.

ಗುಜರಿಯವರ ಗಾಡಿ ಬಂತು, ರಟ್ಟುಗಳನ್ನು ಎದೆಗೊತ್ತಿ ಎತ್ತಿಕೊಂಡು ಹೋಗುತ್ತಿದ್ದಾರೆ, ನೀಲಿ ಸುಣ್ಣ ಅವರ ಅಂಗಿಗೆ ಒರೆಸಿಕೊಳ್ಳುತ್ತಿದೆ, ಮೊದಲು ಇದನ್ನೇ ಬಿಚ್ಚಿ ಎಂಬುದರಲ್ಲಿ ಮೊದಲು ಎಂಬ ಪದ ಮಾಯ, ಆಗಲೇ ಫೋನು, ಅವಳೇ. ಅತ್ತಿಗೆ, ಎಲ್ಲಾ ಜೋಡಿಸಿದ್ರಾ, ಮೇಜು ಹಿಡೀತಾ? ಹಿಡೀತು, ಎಂದೆ. ಎಲ್ಲಿ ಹಾಕಿದ್ರಿ? ಕಿಟಕಿ ಪಕ್ಕ, ಬೆಳಕು ಚೆನ್ನಾಗಿದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಯೇ, ಕಿಟಕಿಯ ಬೆಳಕು ಸಹಿತ. ಹಾಗಾದ್ರೆ ಭಾನುವಾರ ಬರ್ತೀನಿ, ಬೇಜಾರಾಗಿದೆ ಅತ್ತಿಗೆ ಇಲ್ಲಿ, ಇವರು ಒಳ್ಳೆಯವರೇ, ಆದ್ರೆ ಗಡಿಯಾರ ಬಿಟ್ರೆ ಬೇರೆ ಮಾತಿಲ್ಲ, ಗುಂಡಿ ಹಚ್ಚದ ಒಂದು ಹತ್ತು ಅಂಗಿ ಇಟ್ಕೊಂಡಿರಿ, ಇಬ್ಬರೂ ಕೂತು ಹಚ್ಚೋಣ. ಹೂಂ, ಬಾ ಎಂದೆ. ಫೋನು ಇಟ್ಟಳು. ಗುಜರಿಯವರು, ಅಮ್ಮಾ, ಹೀಗೇ ಇಟ್ರೆ ಉರುಳತ್ತೆ, ಬೋರಲು ಹಾಕ್ತೀನಿ ಎಂದು ಮೇಜನ್ನು ಗಾಡಿಯ ಮೇಲೆ ಮಗುಚಿದರು, ನಾಲ್ಕು ಕಾಲು ಆಕಾಶಕ್ಕೆ, ನಡುವಿನ ಅಡ್ಡಪಟ್ಟಿಯ ಮೇಲೆ ಬಿಸಿಲು, ನಾವು ಕಾಲಿಡುತ್ತಿದ್ದ ಪಟ್ಟಿ, ಹತ್ತೊಂಬತ್ತು ವರ್ಷ ಅದರಡಿ ಗುಡಿಸಿದ್ದೇನೆ, ಬಗ್ಗಿ ಒಮ್ಮೆಯೂ ನೋಡಿಲ್ಲ — ಮಿಕ್ಕ ಮರವೆಲ್ಲ ಕಪ್ಪು, ಅಲ್ಲಿ ಮಾತ್ರ ಎರಡೂ ಅಂಚು ಸವೆದು ನುಣುಪಾಗಿ ಹೊಳೆಯುವ ಗುಳಿಗಳು, ನನ್ನವೆರಡು, ಅವಳವೆರಡು, ಒಂದಕ್ಕೊಂದು ತಾಗದ ಹಾಗೆ ಜಾಗ ಬಿಟ್ಟು, ಅವಳ ಬಲಗಾಲಿನದು ಎಲ್ಲಕ್ಕಿಂತ ಆಳ, ಗುಂಡಿ ಹಚ್ಚುವಾಗ ಕಾಲು ಅಲ್ಲಾಡಿಸುತ್ತಲೇ ಇರುತ್ತಿದ್ದಳು, ಸುಮ್ಮನಿಡೇ ಕಾಲು, ಮೇಜು ನಡುಗತ್ತೆ ಎನ್ನುತ್ತಿದ್ದೆ. ಅಮ್ಮಾ, ಹಗ್ಗ ಬಿಗೀಲಾ? ಬಿಗಿಯಿರಿ ಎಂದೆನೇ, ಎಂದಿರಬೇಕು, ಬಿಗಿಯುತ್ತಿದ್ದಾರೆ, ಒಂದು ಸುತ್ತು, ಎರಡು, ಹಗ್ಗ ಆ ಪಟ್ಟಿಯ ಮೇಲೇ ಹಾದು ಕೂತಿದೆ, ಗಾಡಿ ಹೊರಟಿತು, ಭಾನುವಾರಕ್ಕೆ ಇನ್ನು ನಾಲ್ಕು ದಿನ, ನಿಲ್ಲಿ ಎನ್ನಬೇಕು, ಕೂಗಿದರೆ ಕೇಳಿಸುವಷ್ಟೇ ದೂರ, ಬಾಯಿ ತೆರೆದೇ ಇದೆ — ಬಿಸಿಲಿನಲ್ಲಿ ಆ ಗುಳಿಗಳು, ನನ್ನವೆರಡು, ಅವಳವೆರಡು, ಅವಳ ಬಲಗಾಲಿನದು —